ಜೀವಿಗಳಿಂದ ತುಂಬಿದ ತೋಟದಲ್ಲಿ ಹೋಮ್ ಅಸಿಸ್ಟೆಂಟ್: ಒಂದು ವರ್ಷದ ಬಳಕೆಯ ವಿಮರ್ಶೆ

ಮನೆಯೊಳಗಿನ ದೀಪ, ಫ್ಯಾನುಗಳಿಗೆ, ಉಪಕರಣಗಳನ್ನು ನಿಯಮದಂತೆ ತಾನಾಗಿ ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ಎಷ್ಟು ಒಗ್ಗುತ್ತದೆ ಎಂಬುದನ್ನು ಹಲವರು ವಿವರವಾಗಿ ಬರೆದಿದ್ದಾರೆ. ಕಪ್ಪೆ, ಅಳಿಲು, ಪತಂಗ, ಬಾವಲಿಗಳು ಹಗಲಿರುಳು ಓಡಾಡುವ ತೋಟದಲ್ಲಿ ಅದನ್ನು ಒಂದು ವರ್ಷ ಬಳಸಿದ ನಾನು ಬೇರೊಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ: ನಮ್ಮ ಕೆಲಸವನ್ನು ಹಗುರ ಮಾಡುವ ಈ ವ್ಯವಸ್ಥೆ ಅಲ್ಲಿನ ಜೀವಿಗಳನ್ನು ಅವುಗಳ ಪಾಡಿಗೆ ಬಿಡುತ್ತದೆಯೇ?

ಇದು 2013ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿದೆ. ಮನೆಯಲ್ಲಿರುವ ಪುಟ್ಟ ಕಂಪ್ಯೂಟರಿನಲ್ಲಿ ನಡೆಯುವುದರಿಂದ ಇಂಟರ್ನೆಟ್ ಹೋದರೂ ತೋಟದ ಕೆಲಸ ನಿಲ್ಲುವುದಿಲ್ಲ. ತೋಟದಲ್ಲಿ ನಾನು ಇಟ್ಟಿರುವುದು ಇಎಸ್‌ಪಿ32 ಎಂಬ, ವೈ-ಫೈ ಇರುವ ಪುಟ್ಟ ಚಿಪ್ಪಿನ ಬೋರ್ಡುಗಳನ್ನು. ಅವುಗಳಿಗೆ ಇಎಸ್‌ಪಿಹೋಮ್ ಎಂಬ, ಬೋರ್ಡನ್ನು ಹೋಮ್ ಅಸಿಸ್ಟೆಂಟಿಗೆ ಜೋಡಿಸುವ ತಂತ್ರಾಂಶವನ್ನು ಹಾಕಿದ್ದೇನೆ. ಮುಂದಿನ ಬದಲಾವಣೆಗಳೆಲ್ಲ ವೈ-ಫೈ ಮೂಲಕವೇ ಬೋರ್ಡನ್ನು ತಲುಪುತ್ತವೆ. ಹಕ್ಕಿ ಗೂಡು ಕಟ್ಟಿರುವ ಪೊದೆಯನ್ನು ಸರಿಸಿ ಒಳಗೆ ಕೈಹಾಕಬೇಕಿಲ್ಲ ಎಂಬುದು ಇದರಿಂದ ಆಗುವ ದೊಡ್ಡ ಉಪಕಾರ.

ಈ ತಂತ್ರಾಂಶ ನನ್ನ ಮನಸ್ಸನ್ನು ಗೆದ್ದದ್ದು ದೀಪದ ವಿಷಯದಲ್ಲಿ. ಸಾಮಾನ್ಯ ಚಲನೆ ಸೆನ್ಸರ್ ಎದುರಿನ ಶಾಖದ ಬದಲಾವಣೆಯನ್ನು ಗುರುತಿಸುತ್ತದೆ. ಹಾಗಾಗಿ ಬೆಕ್ಕು ಹಾದುಹೋದರೆ ದೀಪ ಹೊತ್ತಿಕೊಳ್ಳುತ್ತದೆ; ಸುತ್ತಲಿನ ಉಷ್ಣತೆಯಲ್ಲೇ ಇರುವ ಕಪ್ಪೆ ಹಾದುಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಇರುಳಿಡೀ ಹೀಗೆ ಹತ್ತಿ ಆರುವ ಬಿಳಿ ದೀಪಕ್ಕೆ ಪತಂಗಗಳು ಮುತ್ತುತ್ತವೆ, ಅವುಗಳನ್ನು ತಿನ್ನಲು ಹಲ್ಲಿಗಳು ಬರುತ್ತವೆ, ಹೂವುಗಳ ಬಳಿ ಇರಬೇಕಾದ ಕೀಟಗಳು ಬಲ್ಬಿನ ಸುತ್ತ ಸುತ್ತುತ್ತಾ ಉಳಿಯುತ್ತವೆ. ಇದನ್ನು ಕಂಡ ಮೇಲೆ ತೋಟದ ಚಲನೆ ಸೆನ್ಸರನ್ನೇ ತೆಗೆದು, ಹಿತ್ತಲ ಬಾಗಿಲಿಗೆ ಒಂದು ಸೆನ್ಸರ್ ಹಾಕಿ, ಸೂರ್ಯಾಸ್ತದ ನಂತರ ಆ ಬಾಗಿಲು ತೆರೆದಾಗ ಮಾತ್ರ ಕಾಲುದಾರಿಯ ಮಂದ ಕೇಸರಿ ದೀಪ ಎರಡು ನಿಮಿಷ ಉರಿಯಬೇಕು ಎಂಬ ನಿಯಮ ಬರೆದೆ. ಸೂರ್ಯಾಸ್ತದ ಸಮಯವನ್ನು ತಂತ್ರಾಂಶವೇ ಲೆಕ್ಕ ಹಾಕಿಕೊಳ್ಳುತ್ತದೆ. ಈಗ ನಾವು ಹೊರಗೆ ಬಂದಾಗಲಷ್ಟೇ ಬೆಳಕು. ಉಳಿದ ಇರುಳೆಲ್ಲ ತೋಟದ ಜೀವಿಗಳದ್ದು.

ನೀರಿನ ವಿಷಯ ಇಷ್ಟು ಸಲೀಸಲ್ಲ. ಎರಡು ಲೋಹದ ಕಡ್ಡಿಗಳಿರುವ ಅಗ್ಗದ ತೇವಾಂಶ ಸೆನ್ಸರನ್ನು ಕೊಳ್ಳಲೇಬೇಡಿ: ವಿದ್ಯುತ್ ಹರಿಯುತ್ತಿದ್ದಂತೆ ಕಡ್ಡಿ ಸವೆದು, ಆ ಲೋಹ ಎರೆಹುಳುಗಳಿರುವ ಮಣ್ಣಿಗೇ ಸೇರುತ್ತದೆ. ಲೋಹ ಮಣ್ಣಿಗೆ ನೇರ ತಾಗದೆ ತೇವವನ್ನು ಅಳೆಯುವ ಕೆಪ್ಯಾಸಿಟಿವ್ ಸೆನ್ಸರ್ ಉತ್ತಮ. ಆದರೆ ಅದರ ಅಂಚುಗಳಿಗೂ ಮೇಲಿನ ಬಿಡಿಭಾಗಗಳಿಗೂ ನೀರು ತಾಗದಂತೆ ವಾರ್ನಿಷ್ ಬಳಿಯಬೇಕು, ಒಣ ಮಣ್ಣಿನಲ್ಲೂ ಒದ್ದೆ ಮಣ್ಣಿನಲ್ಲೂ ಇಟ್ಟು ಅಳತೆಯನ್ನು ಹೊಂದಿಸಬೇಕು. ವೈ-ಫೈ ಬಳಕೆಯಲ್ಲಿರುವಾಗ ಇಎಸ್‌ಪಿ32ರ ಎರಡನೆಯ ಎಡಿಸಿಗೆ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸೇರಿದ ಪಿನ್ನುಗಳಿಂದ ಅಳತೆ ಸಿಗುವುದಿಲ್ಲವಾದ್ದರಿಂದ, ಸೆನ್ಸರನ್ನು 32ರಿಂದ 39ರವರೆಗಿನ ಪಿನ್ನುಗಳಲ್ಲೇ ಜೋಡಿಸಬೇಕು.

ಇನ್ನೊಂದು ಮುಖ್ಯ ಸಂಗತಿಯಿದೆ. ಹೋಮ್ ಅಸಿಸ್ಟೆಂಟಿನ ಸಂಪರ್ಕ 15 ನಿಮಿಷ ಸಿಗದಿದ್ದರೆ ಬೋರ್ಡು ತಾನಾಗಿ ಮರುಪ್ರಾರಂಭವಾಗುವಂತೆ ಇಎಸ್‌ಪಿಹೋಮ್‌ನಲ್ಲಿ ಮೊದಲೇ ಹೊಂದಿಸಿರುತ್ತದೆ. ದೀಪಕ್ಕೆ ಇದರಿಂದ ತೊಂದರೆಯಿಲ್ಲ. ನೀರಿನ ವಾಲ್ವ್ ನಿಯಂತ್ರಿಸುವ ಬೋರ್ಡು ನೀರು ಹರಿಯುವ ನಡುವೆಯೇ ಮರುಪ್ರಾರಂಭವಾಗಬಾರದಾದ್ದರಿಂದ, ಅದರಲ್ಲಿ ಮಾತ್ರ ಆ ಮರುಪ್ರಾರಂಭವನ್ನು ನಿಲ್ಲಿಸಿ, ನೀರು ಮುಚ್ಚುವ ಗಡುವನ್ನು ಬೋರ್ಡಿನೊಳಗೇ ಬರೆದು, ವಿದ್ಯುತ್ ಹೋದರೆ ತಾನೇ ಮುಚ್ಚಿಕೊಳ್ಳುವ ವಾಲ್ವನ್ನೇ ಹಾಕುವುದು ಕ್ಷೇಮ. ತುಂತುರು ನೀರನ್ನು ನಾನು ಕೈಬಿಟ್ಟೆ. ಬೆಳಗಿನ ಜಾವ ಅದು ಜೇಡರ ಬಲೆಗಳನ್ನೆಲ್ಲ ಹರಿದುಹಾಕುತ್ತಿತ್ತು. ಹನಿ ನೀರಾವರಿಯಿಂದ ಆ ತೊಂದರೆಯಿಲ್ಲ.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಎಸ್‌ಪಿ32-ಕ್ಯಾಮ್ ಬೋರ್ಡಿನ 2 ಮೆಗಾಪಿಕ್ಸೆಲ್ ಚಿತ್ರ ಬಂದವರು ಯಾರೆಂದು ತಿಳಿಯಲು ಸಾಕು, ಚಿತ್ರವಾಗಿ ಸವಿಯಲು ಸಾಲದು. ಇರುಳಿನ ಚಿತ್ರಕ್ಕೆ 850 ನ್ಯಾನೋಮೀಟರ್‌ನ ಅವಕೆಂಪು ದೀಪ ಮಸುಕು ಕೆಂಪಾಗಿ ಕಾಣುವುದರಿಂದ, ಬೆಳಕಿನ ವ್ಯಾಪ್ತಿ ಕಡಿಮೆಯಾದರೂ 940 ನ್ಯಾನೋಮೀಟರ್‌ನದ್ದೇ ಮೇಲು. ಗೂಡುಪೆಟ್ಟಿಗೆಯಲ್ಲಿ ಕ್ಯಾಮೆರಾ ಇಡುವುದಾದರೆ ಹಕ್ಕಿಗಳು ಗೂಡು ಕಟ್ಟುವ ಕಾಲಕ್ಕೆ ಬಹಳ ಮೊದಲೇ ಇಟ್ಟು ಮುಗಿಸಬೇಕು.

ಒಮ್ಮೆ ತಂತಿಯ ಕಂಡಿಯಿಂದ ವಾಲ್ವನ್ನು ಆನ್-ಆಫ್ ಮಾಡುವ ರಿಲೇಯ ಪೆಟ್ಟಿಗೆಗೆ ನುಗ್ಗಿದ ಇರುವೆಗಳು ಒಳಗೆ ಮೊಟ್ಟೆಯಿಟ್ಟಿದ್ದವು. ಮೂರು ದಿನ ವಾಲ್ವ್ ತೆರೆಯಲಿಲ್ಲ, ಎಳೆಯ ಸಸಿಗಳು ಬಾಡಿದವು. ಪೆಟ್ಟಿಗೆಯ ಕಂಡಿಗಳನ್ನು ಕೆಳಮುಖವಾಗಿಸಿ, ತಂತಿಯ ಸುತ್ತ ರಬ್ಬರ್ ಬಿಗಿದ ಮೇಲೆ ಆ ಕಾಟ ತಪ್ಪಿದೆ.

ಸಂರಚನೆಯ ಕಡತವನ್ನು ಕೂತು ಬರೆಯುವ ತಾಳ್ಮೆ ಇದ್ದವರಿಗೆ ಈ ವ್ಯವಸ್ಥೆಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ; ಕೊಂಡು ತಂದು ಒತ್ತಿದರೆ ಸಾಕು ಎನ್ನುವವರಿಗೆ ಇದು ಹಿಡಿಸದು. ಮೊದಲ ತಿಂಗಳು ಏನನ್ನೂ ನಿಯಂತ್ರಿಸದೆ, ಹತ್ತು ನಿಮಿಷಕ್ಕೊಂದು ಚಿತ್ರ ತೆಗೆಯುವ ಕ್ಯಾಮೆರಾವೊಂದನ್ನೇ ಇಟ್ಟು, ಯಾವ ಜೀವಿ ಯಾವ ಹೊತ್ತಿಗೆ ಎಲ್ಲಿ ಹಾಯುತ್ತದೆ ಎಂದು ನೋಡಿಕೊಳ್ಳಿ. ನಾನು ಹಾಗೆ ನೋಡಿದ್ದು ದೀಪದ ಕಂಬ ನೆಟ್ಟ ಮೇಲೆ. ಕೊಳಕ್ಕೆ ಹೋಗುವ ಕಪ್ಪೆಗಳ ದಾರಿ ಸರಿಯಾಗಿ ಅದರ ಬುಡದಲ್ಲೇ ಇದ್ದುದರಿಂದ, ಕಂಬವನ್ನು ಕಿತ್ತು ಇನ್ನೊಂದು ಬದಿಗೆ ನೆಡಬೇಕಾಯಿತು.