ಲೂಪ್, ಇಫ್ ಅಭ್ಯಾಸಕ್ಕೆ ಸ್ಕ್ರ್ಯಾಚೋ ಪೈಥಾನೋ?

ಕೋಡಿಂಗ್‌ನಲ್ಲಿ ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು, ಇಫ್ ಅಂದರೆ ‘ಹೀಗಿದ್ದರೆ ಹೀಗೆ ಮಾಡು’ ಎನ್ನುವ ಷರತ್ತು. ಕಲಿಯುವವರಿಗೆ ಹತ್ತು ವರ್ಷದೊಳಗಾದರೆ ಯೋಚನೆಯೇ ಬೇಡ, ಸ್ಕ್ರ್ಯಾಚ್. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದಲ್ಲಿ ಕೋಡ್ ಟೈಪ್ ಮಾಡುವ ಗೋಜಿಲ್ಲ. ಆದೇಶಗಳಿರುವ ಬ್ಲಾಕ್ ಎಳೆದು ಜೋಡಿಸಿದರೆ ಪರದೆಯ ಮೇಲಿನ ಬೆಕ್ಕು ನಡೆಯುತ್ತದೆ.

ದೊಡ್ಡವರಿಗಾದರೆ ನನ್ನ ಓಟು ಕೋಡ್ ಟೈಪ್ ಮಾಡಿಯೇ ಬರೆಯುವ ಪೈಥಾನ್ ಭಾಷೆಗೆ. ಏಳರ ಮಗ್ಗಿಯನ್ನೇ ತಗೊಳ್ಳಿ. ಸ್ಕ್ರ್ಯಾಚ್‌ನಲ್ಲಿ ‘ರಿಪೀಟ್ 10’ ಅಂದರೆ ಹತ್ತು ಸಲ, ಮುಗೀತು. ಪೈಥಾನ್‌ನಲ್ಲಿ ಲೂಪ್ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲು ರೇಂಜ್(1, 10) ಎಂದು ಬರೆದರೆ ಮಗ್ಗಿ 63ಕ್ಕೇ ನಿಲ್ಲುತ್ತದೆ, 70 ಬರುವುದೇ ಇಲ್ಲ. ರೇಂಜ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ, 11 ಅಂತಲೇ ಕೊಡಬೇಕು. ಈ ಎಡವಟ್ಟು ಮಾಡದವರನ್ನು ನಾನಂತೂ ನೋಡಿಲ್ಲ.

ಇಫ್ ಕಥೆಯೂ ಹೀಗೇ. ಟೈಪ್ ಮಾಡಿದ ವಯಸ್ಸು 18ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಸ್ಕ್ರ್ಯಾಚ್ ತೆಪ್ಪಗೆ ಉತ್ತರಿಸುತ್ತದೆ. ಪೈಥಾನ್‌ನಲ್ಲಿ ಇನ್‌ಪುಟ್ ಬರೋದು ಅಕ್ಷರಗಳಾಗಿ; ‘ಇಂಟ್’ ಹಾಕಿ ಸಂಖ್ಯೆ ಮಾಡದಿದ್ದರೆ ‘ಟೈಪ್‌ಎರರ್’ (ಮಾಹಿತಿಯ ಬಗೆ ಹೊಂದುತ್ತಿಲ್ಲ) ಎಂದು ಮುಖಕ್ಕೇ ಹೇಳುತ್ತದೆ. ಸಿಟ್ಟು ಬರುತ್ತೆ ನಿಜ, ಆದರೆ ಬರಹದ 18 ಬೇರೆ, ಲೆಕ್ಕದ 18 ಬೇರೆ ಅನ್ನೋದು ತಲೆಗೆ ಹೋಗೋದೂ ಆಗಲೇ.

ಲೂಪ್ ನಿಲ್ಲದೇ ಓಡತೊಡಗಿದರೆ ನಿಲ್ಲಿಸಲು ಸ್ಕ್ರ್ಯಾಚ್‌ನಲ್ಲಿ ಕೆಂಪು ಗುಂಡಿ, ಪೈಥಾನ್‌ನಲ್ಲಿ ಕಂಟ್ರೋಲ್-ಸಿ.