ಇಜಿಆರ್ ವಾಲ್ವ್ ಹೋಗಿದೆ ಅಂದ್ರೆ ತಕ್ಷಣ ದುಡ್ಡು ಬಿಚ್ಚಬೇಡಿ

17,300 ರೂಪಾಯಿ ಹೋಯಿತು. ಇಜಿಆರ್ ಅಂದ್ರೆ ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನ ವಾಪಸ್ ಎಂಜಿನ್ ಒಳಕ್ಕೇ ಕಳಿಸೋ ವ್ಯವಸ್ಥೆ, ವಾಲ್ವ್ ಅದರ ಬಾಗಿಲು. ಇಪ್ಪತ್ತು ವರ್ಷದಿಂದ ಸ್ಟೀರಿಂಗ್ ಹಿಡಿದಿದ್ದೇನೆ, ಆದರೂ ಚಿಕ್ಕ ಹುಡುಗನ ಹಾಗೆ ಯಾಮಾರಿದೆ. ಮನೆಯಲ್ಲಿ ಪೂರ್ತಿ ಲೆಕ್ಕ ಇನ್ನೂ ಹೇಳಿಲ್ಲ.

ನನ್ನದು 2017ರ ಬಿಎಸ್4 ಡೀಸೆಲ್ ಪಿಕಪ್. ಕಂಪನಿ ಹೆಸರು ಬೇಡ, ತಪ್ಪು ಗಾಡಿಯದಲ್ಲ. ಹಾಸನದಿಂದ ಮಂಗಳೂರಿಗೆ ತರಕಾರಿ, ಬರುವಾಗ ಸಿಕ್ಕ ಬಾಡಿಗೆ. ಹೋದ ತಿಂಗಳು ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ, ಎಂಜಿನ್ ಚೆಕ್ ಲೈಟ್ ಬಂತು. ಎಳೆತವೇ ಇಲ್ಲ. ಮೂರನೇ ಗೇರಲ್ಲಿ ಹತ್ತುವ ಕಡೆ ಎರಡಕ್ಕೆ ಇಳಿದೆ. ಹಿಂದಿನ ಟ್ಯಾಂಕರ್‌ನವನದು ಒಂದೇ ಸಮ ಹಾರ್ನ್. ಕನ್ನಡಿಯಲ್ಲಿ ನೋಡಿದೆ, ಕಪ್ಪು ಹೊಗೆ ಏನೂ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಾಕಿದ, ಪಿ0401 ಅಂತ ದೋಷದ ಕೋಡು ಬಂತು. ಅದನ್ನ ನನ್ನ ಮುಖಕ್ಕೇ ಹಿಡಿದು, "ನೋಡಿ ಸಾರ್, ಇಜಿಆರ್ ಅಂತ ಬರೆದಿದೆ. ವಾಲ್ವ್ ಹೋಗಿದೆ. ಕಾರ್ಬನ್ ತುಂಬಿ ಬಾಯಿ ತೆರೆದೇ ನಿಂತಿದೆ" ಅಂದ. ಕಂಪ್ಯೂಟರೇ ಹೇಳಿದ ಮೇಲೆ ನಾನೇನು ಹೇಳೋದು? ವಾಲ್ವಿಗೆ 13,500, ಬಿಚ್ಚಿ ಹಾಕೋಕೆ 1,800, ಪ್ರೋಗ್ರಾಮಿಂಗ್ ಅಂತ 2,000. ಬಿಲ್ ಕೇಳಿದರೆ "ಜಿಎಸ್‌ಟಿ ಸೇರಿದ್ರೆ ಜಾಸ್ತಿ ಆಗುತ್ತೆ, ನಿಮಗ್ಯಾಕೆ ಸಾರ್" ಅಂತ ಒಂದು ಬಿಳಿ ಚೀಟಿ ಕೊಟ್ಟ.

ನಾನೂ ಬುದ್ಧಿವಂತನೇ ಅಲ್ವಾ, "ಹಳೇ ಪಾರ್ಟ್ ಕೊಡಪ್ಪ" ಅಂದೆ. ಕೊಟ್ಟ, ಪ್ಲಾಸ್ಟಿಕ್ ಕವರಲ್ಲಿ. ಒಳಗೆ ಬೆರಳು ಹಾಕಿದರೆ ಮಸಿ ಗ್ರೀಸಿನ ಹಾಗೆ ಅಂಟಿಕೊಂಡಿತು. ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಇದೇ ನೋಡು ಕೆಟ್ಟಿದ್ದು ಅಂತ!

ನಾಲ್ಕೇ ದಿನ. ಅದೇ ಘಾಟಿ, ಅದೇ ಲೈಟು. ವಾಪಸ್ ಹೋದರೆ ಬಾನೆಟ್ ಕೂಡ ಎತ್ತಲಿಲ್ಲ. "ಇಜಿಆರ್ ನಾವು ಸರಿ ಮಾಡಿದೀವಿ ಸಾರ್. ಈಗ ಟರ್ಬೊ ವೀಕ್ ಆಗಿದೆ. 38 ಸಾವಿರ ಆಗುತ್ತೆ." ಅಡ್ವಾನ್ಸ್ ಕೊಡೋಕೆ ಜೇಬಿಗೆ ಕೈ ಹಾಕಿದ್ದೆ, ಸುಳ್ಳು ಹೇಳಲ್ಲ. ಅಷ್ಟು ದುಡ್ಡು ಇರಲಿಲ್ಲ, ಅದಕ್ಕೇ ಬಚಾವ್.

ಆಮೇಲೆ ಸಕಲೇಶಪುರದ ಹತ್ತಿರ ರಸ್ತೆ ಬದಿಯ ಒಬ್ಬರು ಹಳೇ ಮೆಕ್ಯಾನಿಕ್‌ಗೆ ತೋರಿಸಿದೆ. ಮೊದಲು ಕೇಳಿದ್ದೇ, "ಕಪ್ಪು ಹೊಗೆ ಬರ್ತಿತ್ತಾ?" ಇಲ್ಲಣ್ಣ ಅಂದೆ. "ಮತ್ತೆ ವಾಲ್ವ್ ತೆರೆದೇ ನಿಂತಿದೆ ಅಂತ ಹೆಂಗೆ ಹೇಳಿದ? ತೆರೆದೇ ನಿಂತ್ರೆ ಹೊಗೆ ಎಲ್ಲಾ ಎಂಜಿನ್ ಒಳಕ್ಕೇ ಹೋಗಿ, ಉಸಿರು ಕಟ್ಟಿ ಕರ್ರಗೆ ಉಗುಳುತ್ತೆ. ಈ ಕೋಡು ಹೇಳೋದು ಅದರ ಉಲ್ಟಾ. ಹೊಗೆ ಸಾಕಷ್ಟು ವಾಪಸ್ ಬರ್ತಿಲ್ಲ ಅಂತ. ಯಾಕೆ ಬರ್ತಿಲ್ಲ ಅಂತ ನಾವು ಹುಡುಕಬೇಕು."

ಎಂಜಿನ್ ಐಡಲಲ್ಲಿ ಬಿಟ್ಟು, ವಾಲ್ವಿನ ತಲೆ ಮೇಲಿನ ಸಣ್ಣ ವ್ಯಾಕ್ಯೂಮ್ ಪೈಪ್, ಅಂದ್ರೆ ಗಾಳಿ ಎಳೆದು ವಾಲ್ವ್ ತೆರೆಯೋ ಪೈಪ್, ಬಿಚ್ಚಿದರು. ಆ ಮೂತಿಗೆ ಬೇರೆ ಪೈಪ್ ಸಿಕ್ಕಿಸಿ, ದನಕ್ಕೆ ಔಷಧಿ ಕೊಡ್ತಾರಲ್ಲ, ಆ ದೊಡ್ಡ ಸಿರಿಂಜಿನಿಂದ ಎಳೆದರು. ವಾಲ್ವ್ ತೆರೆದು ಹೊಗೆ ಒಳಗೆ ಹೋಗಿ ಎಂಜಿನ್ ಗಡಗಡ ನಡುಗಿತು, ಇನ್ನೇನು ಆಫ್ ಆಗಬೇಕು. ಸಿರಿಂಜ್ ಬಿಟ್ಟರು, ಸರಿಹೋಯಿತು. "ವಾಲ್ವು ಕೆಲಸ ಮಾಡ್ತಿದೆ, ದಾರೀನೂ ಕಟ್ಟಿಲ್ಲ" ಅಂತ ಹೇಳಿ ಹಳೇ ಪೈಪಿನ ಮೇಲೆ ಬೆರಳಾಡಿಸುತ್ತಾ ಹೋದರು. ಬ್ಯಾಟರಿ ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಒಂದು ಕಡೆ ಸೀಳಿತ್ತು. ಮಡಚಿದರೆ ಮಾತ್ರ ಕಾಣುತ್ತೆ. ಗಾಳಿ ಅಲ್ಲೇ ಸೋರಿದರೆ ವಾಲ್ವ್ ತೆರೆಯೋದೆಲ್ಲಿಂದ? ಕೋಡು ಬಂದ ಮೇಲೆ ಗಾಡಿಯ ಕಂಪ್ಯೂಟರೇ ಎಳೆತ ಕಮ್ಮಿ ಮಾಡಿತ್ತು. ಪೈಪಿಗೆ 80, ಕೂಲಿ 300.

"ಪ್ರೋಗ್ರಾಮಿಂಗ್ ಮಾಡಿಸಿದ್ದೆ ಅಣ್ಣ" ಅಂದೆ. "ಗಾಳಿ ಎಳೆದ್ರೆ ತೆರೆಯೋ ವಾಲ್ವಿಗೆ ಏನ್ ಪ್ರೋಗ್ರಾಮು?" ಅಂತ ನಕ್ಕುಬಿಟ್ಟರು.

ಆಗ ನಾನು ಬಗ್ಗಿ ನೋಡಿದೆ. ಎರಡು ವರ್ಷದ ಹಿಂದೆ ಗ್ಯಾಸ್ಕೆಟ್ ಹಾಕುವಾಗ ಸ್ಪ್ಯಾನರ್ ಜಾರಿ ವಾಲ್ವಿನ ಟೋಪಿ ಮೇಲೆ ಒಂದು ತಗ್ಗು ಬಿದ್ದಿತ್ತು, ಉಗುರಿನಷ್ಟು. ಆ ತಗ್ಗು ಅಲ್ಲೇ ಇದೆ. "ಹೊಸ" ವಾಲ್ವಿನ ಮೇಲೆ. ಗ್ಯಾರೇಜಿನವನು ನನ್ನ ಹಳೇದನ್ನೇ ಉಜ್ಜಿ ತೊಳೆದು ವಾಪಸ್ ಹಾಕಿದ್ದಾನೆ. ಮೈಯೆಲ್ಲಾ ಉರಿದುಹೋಯಿತು.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. "ಹೊಸದಕ್ಕೂ ತಗ್ಗು ಇರುತ್ತೆ ಸಾರ್, ಲಾರೀಲಿ ಬರುವಾಗ ಬೀಳುತ್ತೆ." ನನ್ನ ಹಳೇ ತಗ್ಗಿನ ಜಾಗದಲ್ಲೇ ಬೀಳುತ್ತಾ? "ನೀವು ಡೀಸೆಲ್ ಎಲ್ಲಿ ಹಾಕಿಸ್ತೀರಾ ಸಾರ್, ಅದನ್ನ ಮೊದಲು ನೋಡಿ." ತಗ್ಗಿಗೂ ಡೀಸೆಲ್‌ಗೂ ಏನಪ್ಪಾ ಸಂಬಂಧ! ಕೊನೆಗೆ, "ವಾಲ್ವ್ ಕ್ಲೀನ್ ಆಗಿದೆಯಲ್ಲಾ, ಅದಕ್ಕೇ ಅಂದ್ಕೊಳ್ಳಿ." ಆಮೇಲೆ ಫೋನ್ ಎತ್ತಲಿಲ್ಲ. ಕಂಪ್ಲೇಂಟ್ ಕೊಡೋಣ ಅಂದ್ರೆ ಕೈಯಲ್ಲಿರೋದು ಬಿಳಿ ಚೀಟಿ.

ಬಿಚ್ಚೋಕೆ ಮುಂಚೆ ಫೋಟೊ ತೆಗೆಯಿರಿ. ಪಾರ್ಟ್ ಮೇಲೆ ಮಾರ್ಕರಲ್ಲಿ ಒಂದು ಗೀಟು ಹಾಕಿ, ಎದುರಿಗೇ ನಿಂತು ಬಿಚ್ಚಿಸಿ. ನನ್ನ ಹಾಗೆ ಟೀ ಕುಡಿಯೋಕೆ ಹೋಗಬೇಡಿ. ಮಸಿ ತೋರಿಸಿದ ಅಂತ ಹೆದರಬೇಡಿ, ಓಡಿದ ಡೀಸೆಲ್ ಗಾಡಿ ಇಜಿಆರ್ ಒಳಗೆ ಮಸಿ ಇದ್ದೇ ಇರುತ್ತೆ. ಇಜಿಆರ್ ದಾರಿಗೆ ತಗಡು ಹಾಕಿ ಮುಚ್ಚಿಬಿಡಿ ಅಂತ ಹೇಳೋರ ಮಾತೂ ಬೇಡ, ಆಗಲೂ ಇದೇ ಕೋಡು ಬರುತ್ತೆ.

ಮನೆಗೆ ಬಂದು ಆ ಪ್ಲಾಸ್ಟಿಕ್ ಕವರ್ ಬಿಚ್ಚಿ, ಒಳಗಿದ್ದ ವಾಲ್ವನ್ನ ನನ್ನ ಗಾಡಿಗೆ ಹಿಡಿದು ನೋಡಿದೆ. ಬೋಲ್ಟ್ ತೂತೇ ಹೊಂದಲಿಲ್ಲ.