ಆರಿಂಚು ನಳಿಕೆಯ ಕೆ-22 ರಿವಾಲ್ವರ್: ಒಂಬತ್ತು ವರ್ಷ ಬಳಸಿದ ಮೇಲೆ

ದಾವಣಗೆರೆಯಲ್ಲಿ ರಿವಾಲ್ವರ್ ಎಂದರೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಗಿಡ್ಡ ನಳಿಕೆಯ .32 (ಈ ಅಂಕಿ ಗುಂಡಿನ ಅಗಲದ ಅಂದಾಜು, ಇಂಚಿನಲ್ಲಿ). ವ್ಯಾಪಾರಸ್ಥರೂ ತೋಟದ ಮಾಲೀಕರೂ ಆತ್ಮರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ, ಅದನ್ನು ಕೊಂಡು ತಂದು, ಬೀರುವಿನಲ್ಲಿಟ್ಟು, ಆಯುಧಪೂಜೆಯ ದಿನ ಹೊರತೆಗೆದು ಕುಂಕುಮ ಹಚ್ಚುತ್ತಾರೆ. ನಾನು ಇಲ್ಲಿ ವಿಮರ್ಶಿಸಲಿರುವ ರಿವಾಲ್ವರ್ ಆ ಜಾತಿಯದಲ್ಲ. ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-22, ಅಂದರೆ ಮಾಡೆಲ್ 17, ಗುರಿ ಹೊಡೆಯುವುದಕ್ಕೆಂದೇ ಮಾಡಿದ್ದು. ಜೇಬಿಗೆ ಹಿಡಿಸದು, ಸೊಂಟಕ್ಕೆ ಒಪ್ಪದು, ಯಾರನ್ನೂ ಹೆದರಿಸಲು ತಕ್ಕುದೂ ಅಲ್ಲ. ಚನ್ನಗಿರಿಯ ಕಡೆ ಅಡಿಕೆ ತೋಟವಿದ್ದ ನಮ್ಮ ದೊಡ್ಡಪ್ಪ ಅದನ್ನು ಮುಂಬಯಿಯಲ್ಲಿ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ವಾರಸುದಾರರ ಒಪ್ಪಿಗೆ ಪತ್ರ, ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿಯ ಆದೇಶ ಎಲ್ಲವೂ ಮುಗಿದು 2016ರಲ್ಲಿ ನನ್ನ ಲೈಸೆನ್ಸ್ ಪುಸ್ತಕಕ್ಕೆ ಏರಿತು.

ಸ್ಮಿತ್ ಅಂಡ್ ವೆಸನ್ ತನ್ನ ರಿವಾಲ್ವರುಗಳ ಚೌಕಟ್ಟಿನ ಅಳತೆಯನ್ನು ಅಕ್ಷರದಿಂದ ಗುರುತಿಸುತ್ತದೆ: ಜೆ ಚಿಕ್ಕದು, ಎನ್ ದೊಡ್ಡದು, ಕೆ ಇವೆರಡರ ನಡುವಿನದು. ಈ ಮಧ್ಯಮ ಚೌಕಟ್ಟು 1899ರಲ್ಲಿ .38 ಸ್ಪೆಷಲ್ ಎಂಬ ಕಾರ್ಟ್ರಿಡ್ಜಿನ (ತೋಟಾ) ಜೊತೆಗೇ ಹುಟ್ಟಿದ್ದು. ಅದರ ಮೇಲೆ .22ರ ಗುರಿಯ ರಿವಾಲ್ವರ್ ಬಂದದ್ದು 1931ರಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದನ್ನೇ ತಿದ್ದಿ ಮಾಸ್ಟರ್‌ಪೀಸ್ ಎಂಬ ಹೆಸರಿನಲ್ಲಿ ಮತ್ತೆ ಹೊರತಂದರು. ಕೆ-22, ಕೆ-32, ಕೆ-38 ಎಂದು ಮೂರು ಅಣ್ಣತಮ್ಮಂದಿರು. ಗುಂಡು ತುಂಬಿದಾಗ ಮೂರೂ ಒಂದೇ ತೂಕ ಇರಬೇಕೆಂಬುದು ತಯಾರಕರ ಹಟವಾಗಿತ್ತು: 38.5 ಔನ್ಸ್, ನಮ್ಮ ಲೆಕ್ಕದಲ್ಲಿ ಸುಮಾರು 1,090 ಗ್ರಾಂ. ಹೊರ ಅಳತೆ ಒಂದೇ ಆಗಿರುವಾಗ ಚಿಕ್ಕ ತೂತಿನ .22ರಲ್ಲಿ ಲೋಹ ಹೆಚ್ಚು ಉಳಿಯುತ್ತದೆ. ಆ ವ್ಯತ್ಯಾಸವನ್ನು ನಳಿಕೆಯ ಬೆನ್ನಿನ ಮೇಲಿರುವ ಪಟ್ಟಿಯ ಅಗಲದಲ್ಲಿ ಸರಿದೂಗಿಸಿದ್ದರು. ಅಗ್ಗದ .22ರಲ್ಲಿ ಅಭ್ಯಾಸ ಮಾಡಿದ ಕೈ, ಸ್ಪರ್ಧೆಯ ದಿನ .38 ಹಿಡಿದಾಗ ಗಲಿಬಿಲಿಗೊಳ್ಳಬಾರದು ಎಂಬುದು ಅದರ ಹಿಂದಿನ ವಿಚಾರ. 1957ರಿಂದ ಕಂಪನಿ ಹೆಸರಿನ ಬದಲು ಸಂಖ್ಯೆ ಒತ್ತತೊಡಗಿತು. ಸಿಲಿಂಡರ್ (ಗುಂಡು ತುಂಬುವ ಆರು ಕೋಣೆಗಳಿರುವ, ತಿರುಗುವ ಉರುಳೆ) ಹೊರತೆಗೆದಾಗ ಅದರ ತೋಳು ಕೂರುವ ಜಾಗದಲ್ಲಿ ನನ್ನದರ ಮೇಲೆ 17-2 ಎಂದು ಕಾಣುತ್ತದೆ; ಟ್ರಿಗರ್ ಗಾರ್ಡಿನ (ಟ್ರಿಗರಿನ ಸುತ್ತಲಿನ ಬಳೆ) ಮುಂದಿನ ಸ್ಕ್ರೂ ಇಲ್ಲದಿರುವುದರಿಂದ 1961ರ ನಂತರದ ಮಾಲು ಎಂಬುದು ಖಚಿತ.

ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಬ್ಲೂಯಿಂಗ್ ಎಂದರೆ ಬಣ್ಣ ಬಳಿದದ್ದಲ್ಲ, ಉಕ್ಕಿನ ಮೇಲ್ಮೈಯನ್ನೇ ರಾಸಾಯನಿಕದಲ್ಲಿ ಕಪ್ಪು ನೀಲಿಗೆ ತಿರುಗಿಸಿದ್ದು. ಅದರ ನಡುವೆ ಟ್ರಿಗರ್ ಮತ್ತು ಕುದುರೆ (ಹ್ಯಾಮರ್ ಎಂಬುದಕ್ಕೆ ದೊಡ್ಡಪ್ಪ ಕೊನೆಯವರೆಗೂ ಕುದುರೆ ಎಂದೇ ಹೇಳುತ್ತಿದ್ದರು, ನನಗೂ ಅದೇ ರೂಢಿ) ಮಾತ್ರ, ಮಳೆನೀರಿನ ಮೇಲೆ ಸೀಮೆಎಣ್ಣೆ ಹರಡಿದಾಗ ಕಾಣುವಂಥ ಕಂದು, ನೀಲಿ, ಬೂದು ಬಣ್ಣದಲ್ಲಿ ಹೊಳೆಯುತ್ತವೆ. ಎಡಗಡೆಯ ಗುಂಡಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಸಿಲಿಂಡರ್ ಎಡಕ್ಕೆ ಹೊರಬರುತ್ತದೆ. ಕೋಲ್ಟ್ ರಿವಾಲ್ವರಿನಲ್ಲಿ ಅದೇ ಗುಂಡಿಯನ್ನು ಹಿಂದಕ್ಕೆ ಎಳೆಯಬೇಕು, ಸಿಲಿಂಡರ್ ತಿರುಗುವ ದಿಕ್ಕೂ ತಿರುವುಮುರುವು.

ಆದರೆ ಈ ರಿವಾಲ್ವರಿನ ಜೀವ ಇರುವುದು ಟ್ರಿಗರಿನಲ್ಲಿ. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿದ ಮೇಲೆ ಟ್ರಿಗರ್ ಜರಗುವುದು ಕಾಣುವುದೇ ಇಲ್ಲ. ಬೆರಳಿನ ಒತ್ತಡ ಏರುತ್ತ ಹೋಗಿ ಒಂದು ಕ್ಷಣದಲ್ಲಿ, ಗಾಜಿನ ಕಡ್ಡಿ ಮುರಿದ ಹಾಗೆ, ಬಿಟ್ಟುಕೊಳ್ಳುತ್ತದೆ. ಅದರ ತೂಕ ನೋಡಲು ನನ್ನ ಬಳಿ ಉಪಕರಣವಿರಲಿಲ್ಲ. ಮಂಡಿಪೇಟೆಯ ನಮ್ಮ ಕಿರಾಣಿ ಅಂಗಡಿಯ ತೂಕದ ಬಟ್ಟುಗಳನ್ನೇ ಮನೆಗೆ ತಂದು, ಖಾಲಿ ರಿವಾಲ್ವರನ್ನು ನೆಟ್ಟಗೆ ಹಿಡಿದು, ತಂತಿಯ ಕೊಕ್ಕೆಯಿಂದ ಟ್ರಿಗರಿಗೆ ತೂಗುಹಾಕಿ ಪರೀಕ್ಷಿಸಿದೆ. ಒಂದು ಕೆಜಿಗೆ ಅಲುಗಲಿಲ್ಲ. ಇನ್ನೂರು ಗ್ರಾಂ ಸೇರಿಸಿದರೂ ನಿಂತಿತು. ಮತ್ತೆ ಇನ್ನೂರು ಗ್ರಾಂ ಹಾಕಿದಾಗ ಬಿತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ 25 ಮೀಟರ್ ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಗೆ ಟ್ರಿಗರ್ ಕನಿಷ್ಠ 1,000 ಗ್ರಾಂ ತಡೆಯಬೇಕು, ನಳಿಕೆ 153 ಮಿಲಿಮೀಟರ್ ಮೀರಬಾರದು, ಒಟ್ಟು ತೂಕ 1,400 ಗ್ರಾಂ ದಾಟಬಾರದು. ಆರಿಂಚು ಎಂದರೆ 152.4 ಮಿಲಿಮೀಟರ್. ಅರುವತ್ತು ವರ್ಷ ಹಳೆಯದಾದ ವಸ್ತು ಇಂದಿನ ಅಳತೆಪಟ್ಟಿಯೊಳಗೆ ಕೂದಲೆಳೆಯ ಅಂತರದಲ್ಲಿ ಹಿಡಿಸುತ್ತದೆ.

ಗುರಿ ನೋಡುವ ಸೈಟುಗಳಲ್ಲಿ ಹಿಂದಿನದರಲ್ಲಿ ಮೇಲೆ ಕೆಳಗೆ, ಎಡ ಬಲ ತಿದ್ದಲು ಎರಡು ಚಿಕ್ಕ ಸ್ಕ್ರೂಗಳಿದ್ದು, ಒಂದೊಂದು ಟಿಕ್ ಸದ್ದಿಗೆ ಒಂದೊಂದು ಹೆಜ್ಜೆ ಜರುಗುತ್ತವೆ. ಮುಂದಿನದು ಚೌಕಾಕಾರದ ಕಪ್ಪು ಕಂಬ. ಇವನ್ನು ತಿರುಗಿಸಲು ತುದಿ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಹೊಲಿಗೆಯಂತ್ರದ ಜೊತೆ ಕೊಡುವ ಚಿಕ್ಕದು ನನಗೆ ಸರಿಹೋಯಿತು.

ಇನ್ನು ಗುರಿಯ ಮಾತು. ಲೈಸೆನ್ಸ್ ಇದೆಯೆಂದು ತೋಟದಲ್ಲೋ ಕೆರೆಯಂಗಳದಲ್ಲೋ ಗುಂಡು ಹಾರಿಸುವ ಹಾಗಿಲ್ಲ; ಹಾಗಾಗಿ ರಿವಾಲ್ವರ್ ಒಂದು ಪೆಟ್ಟಿಗೆಯಲ್ಲಿ, ಗುಂಡು ಇನ್ನೊಂದರಲ್ಲಿ, ಎರಡಕ್ಕೂ ಬೀಗ ಹಾಕಿ, ಹತ್ತಿರ ಹತ್ತಿರ 260 ಕಿಲೋಮೀಟರ್ ದೂರದ ಬೆಂಗಳೂರಿನ ರೇಂಜಿಗೆ ಎರಡು ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಮೊದಲ ಎರಡು ಭೇಟಿಗಳಲ್ಲಿ ನನ್ನ ಗುಂಡುಗಳು ಒಂದೆಡೆ ಗುಂಪಾಗುತ್ತಿದ್ದರೂ ಆಗಾಗ ಒಂದು ಮಾತ್ರ ಎಡಕ್ಕೆ ಓಡಿಹೋಗುತ್ತಿತ್ತು. ಕೈಯ ತಪ್ಪೆಂದೇ ಅಂದುಕೊಂಡಿದ್ದೆ. ಮೂರನೆಯ ಸಲ ಸಿಲಿಂಡರಿನ ಅಂಚಿನಲ್ಲಿ ಮೇಣದ ಪೆನ್ಸಿಲಿನಿಂದ ಒಂದರಿಂದ ಆರರವರೆಗೆ ಅಂಕಿ ಬರೆದು, ಮರಳಿನ ಚೀಲದ ಮೇಲೆ ಕೈಯೂರಿ, ಒಂದೊಂದು ಕೋಣೆಯಿಂದಲೂ ಐದೈದು ಗುಂಡನ್ನು ಬೇರೆ ಬೇರೆ ಕಾಗದದ ಮೇಲೆ ಹೊಡೆದೆ. ಐದು ಕೋಣೆಗಳ ಗುಂಡುಗಳೆಲ್ಲ 50 ಮಿಲಿಮೀಟರ್ ಅಗಲದ ಹತ್ತು ಅಂಕದ ವೃತ್ತದೊಳಗೇ ಇದ್ದವು. ನಾಲ್ಕನೆಯ ಕೋಣೆಯದು ಮಾತ್ರ ಪ್ರತಿ ಸಲವೂ ಒಂಬತ್ತರ ಎಡ ಅಂಚಿಗೆ ಹೋಗಿತ್ತು. ರಿವಾಲ್ವರ್ ಎಂದರೆ ಒಂದು ನಳಿಕೆಗೆ ಆರು ಪ್ರತ್ಯೇಕ ಕೋಣೆಗಳು, ಆರೂ ನಳಿಕೆಗೆ ಒಂದೇ ಸಮನಾಗಿ ಎದುರಾಗಬೇಕೆಂಬ ಕಟ್ಟಳೆ ಯಾವ ಕಾರ್ಖಾನೆಯಲ್ಲೂ ನೂರಕ್ಕೆ ನೂರು ಪಾಲನೆಯಾಗುವುದಿಲ್ಲ. ಸ್ಪರ್ಧೆಯ ಸರಣಿ ಐದೇ ಗುಂಡಿನದಾದ್ದರಿಂದ ನಾಲ್ಕನೆಯ ಕೋಣೆಯನ್ನು ಖಾಲಿ ಬಿಟ್ಟು ಇಂದಿಗೂ ನೆಮ್ಮದಿಯಾಗಿದ್ದೇನೆ. ಹಳೆಯ ರಿವಾಲ್ವರ್ ಕೊಳ್ಳುವವರು ಈ ಪರೀಕ್ಷೆ ಮಾಡದೆ ಸೈಟನ್ನು ತಿರುಗಿಸುತ್ತ ಕೂತರೆ ಆಯುಷ್ಯ ಸವೆಯುತ್ತದೆಯೇ ಹೊರತು ಗುರಿ ಕೂರುವುದಿಲ್ಲ.

ಕೊರತೆಗಳೂ ಸಣ್ಣವಲ್ಲ. ಸ್ಟ್ಯಾಂಡರ್ಡ್ ಪಿಸ್ತೂಲ್ ಸ್ಪರ್ಧೆಯಲ್ಲಿ ಐದು ಗುಂಡಿಗೆ ಮೊದಲು 150 ಸೆಕೆಂಡು, ಆಮೇಲೆ 20, ಕೊನೆಗೆ 10 ಸೆಕೆಂಡು ಸಿಗುತ್ತದೆ. ಮೊದಲ ಹಂತದಲ್ಲಿ ಕೆ-22 ಯಾವ ಹೊಸ ಪಿಸ್ತೂಲಿಗೂ ತಲೆಬಾಗುವುದಿಲ್ಲ. ಹತ್ತು ಸೆಕೆಂಡಿನ ಹಂತಕ್ಕೆ ಬಂದಾಗ ಪ್ರತಿ ಗುಂಡಿಗೂ ಕುದುರೆಯನ್ನು ಎಳೆಯಬೇಕು. ಎಳೆದಾಗಲೆಲ್ಲ ಹಿಡಿ ಒಂದಿಷ್ಟು ಸಡಿಲುತ್ತದೆ. ಎಳೆಯದೆ ಟ್ರಿಗರಿನಿಂದಲೇ ಪೂರ್ತಿ ಕೆಲಸ ಮಾಡಿಸಿದರೆ ಒತ್ತಡ ಮೂರು ಪಟ್ಟಾಗಿ ಮುಂದಿನ ಸೈಟ್ ನಡುಗುತ್ತದೆ. ನನ್ನ ಪಕ್ಕದ ಸಾಲಿನಲ್ಲಿ ಅರೆ-ಸ್ವಯಂಚಾಲಿತ ಪಿಸ್ತೂಲ್ ಹಿಡಿದ ಕಾಲೇಜು ಹುಡುಗಿ ಐದನ್ನೂ ಮುಗಿಸಿ ಕೈ ಇಳಿಸುವಾಗ ನಾನು ಮೂರನೆಯದಕ್ಕೆ ಒದ್ದಾಡುತ್ತಿರುತ್ತೇನೆ. ಪದಕದ ಆಸೆಯಿದ್ದವರು ಈ ರಿವಾಲ್ವರಿನ ಮೋಹಕ್ಕೆ ಬೀಳಬಾರದು.

ಎರಡನೆಯ ಕೊರತೆ ಕೋಣೆಗಳ ಬಿಗಿ. ನಿಖರತೆಗೆಂದು ಕೋಣೆಯನ್ನು ಬಿಗಿಯಾಗಿ ಕೊರೆದಿದ್ದಾರೆ. ಅರುವತ್ತು ಎಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ಮಸಿಯೂ ಮೇಣವೂ ಕೂಡಿ ಗಟ್ಟಿಯಾಗಿ, ಖಾಲಿ ಕೇಸುಗಳು ಕಚ್ಚಿಕೊಳ್ಳುತ್ತವೆ. ಅಂಗೈಯಿಂದ ಗುದ್ದಿ ಹೊರತೆಗೆಯುವ ಅಭ್ಯಾಸ ಒಳ್ಳೆಯದಲ್ಲ, ಕೇಸುಗಳನ್ನು ಹೊರದಬ್ಬುವ ಎಜೆಕ್ಟರ್ ಕಡ್ಡಿ ಸೊಟ್ಟಗಾಗುತ್ತದೆ. ಐವತ್ತು ಗುಂಡಿಗೊಮ್ಮೆ ಹಿತ್ತಾಳೆಯ ಬ್ರಷ್ಷನ್ನು ಕೋಣೆಯೊಳಗೆ ತಿರುಗಿಸಿದರೆ ತೊಂದರೆ ಇರುವುದಿಲ್ಲ.

ಹಿಡಿಯೂ ಅಷ್ಟಕ್ಕಷ್ಟೆ. ನನಗೆ ಬಂದ ತೆಳು ಹಿಡಿಯಲ್ಲಿ ಟ್ರಿಗರ್ ಗಾರ್ಡಿನ ಹಿಂದೆ ಟೊಳ್ಳು ಜಾಗ ಉಳಿದು ನಡುಬೆರಳಿಗೆ ಆಧಾರವೇ ಸಿಗುತ್ತಿರಲಿಲ್ಲ. ರಿವಾಲ್ವರನ್ನು ಬಡಗಿಯ ಕೈಗೆ ಕೊಡುವುದು ಕಾನೂನಿಗೂ ನನ್ನ ಮನಸ್ಸಿಗೂ ಒಪ್ಪದ ಕಾರಣ, ಆ ಜಾಗಕ್ಕೆ ಜೇಡಿಮಣ್ಣು ಮೆತ್ತಿ, ಒಣಗಿದ ಅಚ್ಚನ್ನು ಒಯ್ದೆ. ಬಡಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನ್ ಸಾವ್ಕಾರ್ರೆ, ಗಣಪತಿ ಸೊಂಡ್ಲು ಮುರಿದ್ಹೋತೇನು?” ಎಂದು ಕೇಳಿದ. ಎರಡು ದಿನದಲ್ಲಿ ಬೀಟೆಯ ತುಂಡಿನಲ್ಲಿ ಕೆತ್ತಿಕೊಟ್ಟ ಬೆಣೆ ಇಂದಿಗೂ ಕೂತಿದೆ, ಮೂಲ ಹಿಡಿಗೆ ಒಂದು ಗೀರೂ ಬಿದ್ದಿಲ್ಲ.

ಮನೆಯಲ್ಲಿ ಖಾಲಿ ಅಭ್ಯಾಸ ಮಾಡುವವರಿಗೆ ಒಂದು ಎಚ್ಚರಿಕೆ. .22ರಲ್ಲಿ ಪಿನ್ನು ಹೊಡೆಯುವುದು ಕಾರ್ಟ್ರಿಡ್ಜಿನ ಅಂಚಿಗೆ; ಕೋಣೆ ಖಾಲಿಯಿದ್ದರೆ ಆ ಪೆಟ್ಟು ಉಕ್ಕಿನ ಅಂಚಿಗೆ ಬೀಳುವ ಅಪಾಯವಿದೆ. ಗೋಡೆಯಲ್ಲಿ ಸ್ಕ್ರೂ ಕೂರಿಸಲು ಬಳಸುವ ಹಳದಿ ಪ್ಲಾಸ್ಟಿಕ್ ಪ್ಲಗ್ಗುಗಳಲ್ಲಿ ಸರಿಯಾದ ಅಳತೆಯದನ್ನು ಆರಿಸಿ ಆರು ಕೋಣೆಗೂ ಹಾಕಿದರೆ ಪೆಟ್ಟನ್ನು ಅವು ತಿನ್ನುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡರೆ ವರ್ಷಗಟ್ಟಲೆ ಸಾಕು.

ಸಂಗ್ರಹದ ಆಸೆಯಿರುವವರಿಗೆ ನಮ್ಮ ದೇಶದ ಕಾನೂನೇ ಮಿತಿ ಹಾಕಿದೆ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮೊದಲು ಮೂರಕ್ಕೆ ಅವಕಾಶವಿತ್ತು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಲೆಕ್ಕ ಅದೇ. ಅಮೆರಿಕದವರ ಹಾಗೆ ಬೇರೆ ಬೇರೆ ಕಾಲದ ಐದು ಸ್ಕ್ರೂವಿನದೊಂದು, ನಾಲ್ಕು ಸ್ಕ್ರೂವಿನದೊಂದು ಎಂದು ಸಾಲಾಗಿ ಜೋಡಿಸುವುದು ನಮ್ಮಿಂದಾಗದು. ಆದ್ದರಿಂದ ಇಲ್ಲಿ ಆಯ್ಕೆ ತಪ್ಪಿದರೆ ದಂಡ ದೊಡ್ಡದು. ನನಗೂ ಒಮ್ಮೆ ಕೆ-32 ಕೊಳ್ಳುವ ಯೋಗ ಬಂದಿತ್ತು, ಮಧ್ಯವರ್ತಿ “ಹೊಸದರ ಹಂಗೈತಿ” ಎಂದಿದ್ದ. ಹೊಸದರಂತೆಯೇ ಇತ್ತು, ಅದೇ ಅದರ ರೋಗ: ಯಾವುದೋ ಊರಿನ ಆರ್ಮರಿಯಲ್ಲಿ ಬಫಿಂಗ್ ಗಾಲಿಗೆ ಹಿಡಿದು ತಿಕ್ಕಿ ಮತ್ತೆ ಬ್ಲೂಯಿಂಗ್ ಮಾಡಿದ್ದರಿಂದ ಕಂಪನಿಯ ಮುದ್ರೆಯ ಅಕ್ಷರಗಳು ಸವೆದ ನಾಣ್ಯದ ಹಾಗೆ ಕರಗಿದ್ದವು, ಸ್ಕ್ರೂ ತೂತುಗಳ ಅಂಚು ಬಟ್ಟಲಿನಂತೆ ತಗ್ಗಾಗಿತ್ತು. ಅದು ಖಾಲಿಯಿದೆಯೆಂದು ಎರಡು ಸಲ ನೋಡಿಕೊಂಡು ಕುದುರೆಯನ್ನು ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿದೆ, ಟ್ರಿಗರ್ ಮುಟ್ಟದೆಯೇ ಬಿದ್ದುಹೋಯಿತು. ಕುದುರೆಯನ್ನು ಹಿಡಿದು ನಿಲ್ಲಿಸುವ ಒಳಗಿನ ಹಲ್ಲನ್ನು ಯಾರೋ ಅರದಿಂದ ಉಜ್ಜಿದ್ದರು. ಬಣ್ಣ ಮಾಸಿದ್ದರೂ ಪರವಾಗಿಲ್ಲ, ಕುದುರೆಯನ್ನು ನಿಧಾನವಾಗಿ ಎಳೆಯುವಾಗ ಸಿಲಿಂಡರ್ ಆರೂ ಕೋಣೆಗೆ ಪೂರ್ತಿ ಬಂದು ಕಚ್ಚಬೇಕು, ಹಿಂದೆ ಮುಂದೆ ಅಲುಗಬಾರದು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದನ್ನು ಬುಲೆಟ್ ಬೈಕಿನ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜಿನಿಂದಲೇ ಅಳೆಯಬಹುದು; ನನ್ನದರಲ್ಲಿ 0.15 ಮಿಲಿಮೀಟರ್ ಹಾಳೆ ಹೋಗುತ್ತದೆ, 0.20 ಹೋಗುವುದಿಲ್ಲ.

ಕಾನ್ಪುರದ .32ರ ಜೊತೆ ಹೋಲಿಸಿ ಎಂದು ಗೆಳೆಯರು ಕೇಳುವುದುಂಟು. ಬ್ರಿಟಿಷರ ವೆಬ್ಲಿ ಮಾರ್ಕ್ 4 ರಿವಾಲ್ವರಿನ ಮಾದರಿಯಲ್ಲಿ, ನಡುವೆ ಮುರಿದು ಗುಂಡು ತುಂಬುವಂತೆ ಮಾಡಿದ ಅದರ ನಳಿಕೆ ಮೂರಿಂಚಿನದು, ಸೈಟು ತಿದ್ದಲಾಗದ್ದು, ಟ್ರಿಗರ್ ಬಿಗಿ. ವಿಚಿತ್ರವೆಂದರೆ ಅದು ಹಾರಿಸುವ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಕಾರ್ಟ್ರಿಡ್ಜು 1896ರಷ್ಟು ಹಳೆಯದಾದರೂ ಗುರಿಗೆ ಅತ್ಯುತ್ತಮವಾದದ್ದು. ಯುರೋಪಿನ ಪ್ರಸಿದ್ಧ ಸೆಂಟರ್‌ಫೈರ್ (ಪಿನ್ನು ಕಾರ್ಟ್ರಿಡ್ಜಿನ ನಡುವಿಗೆ ಹೊಡೆಯುವ) ಸ್ಪರ್ಧಾ ಪಿಸ್ತೂಲುಗಳು ಅದನ್ನೇ ಬಳಸುತ್ತವೆ. ಒಳ್ಳೆಯ ಅಕ್ಕಿ ಸಿಕ್ಕರೂ ಪಾತ್ರೆ ಸರಿಯಿಲ್ಲದ ಹಾಗಾಯಿತು.

ಕೊನೆಯದಾಗಿ ಇಡುವ ಬಗೆ. ಚುನಾವಣೆ ಘೋಷಣೆಯಾದಾಗ ಲೈಸೆನ್ಸಿನ ಆಯುಧಗಳನ್ನು ಠಾಣೆಗೆ ಠೇವಣಿ ಮಾಡುವಂತೆ ಸೂಚನೆ ಬರುತ್ತದೆ. 2023ರ ಬೇಸಿಗೆಯಲ್ಲಿ ನಾನು ದೊಡ್ಡಪ್ಪನ ಕಾಲದ ಚರ್ಮದ ಚೀಲದಲ್ಲಿಯೇ ಅದನ್ನು ಒಪ್ಪಿಸಿದೆ. ಚರ್ಮ ತೇವ ಹಿಡಿಯುತ್ತದೆಂಬುದು ತಿಳಿದಿದ್ದೂ ಮಾಡಿದ ತಪ್ಪು ನನ್ನದೇ. ಮರಳಿ ಬಿಡಿಸಿಕೊಂಡಾಗ ಸಿಲಿಂಡರಿನ ಮೇಲೆ ಸಾಸಿವೆಕಾಳಿನಷ್ಟು ಅಗಲದ ಮೂರು ಕಂದು ಚುಕ್ಕೆಗಳು ಎದ್ದಿದ್ದವು. ಎಣ್ಣೆಯಲ್ಲಿ ಅದ್ದಿದ ನಯವಾದ ಉಕ್ಕಿನ ನಾರಿನಿಂದ ಉಜ್ಜಿದಾಗ ತುಕ್ಕು ಹೋಯಿತು, ಗುಳಿ ಹೋಗಲಿಲ್ಲ. 2024ರ ಲೋಕಸಭಾ ಚುನಾವಣೆಗೆ ತೆಳುವಾಗಿ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಎರಡು ಸಿಲಿಕಾ ಪೊಟ್ಟಣ ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಕೊಟ್ಟೆ. ರಸೀದಿಯಲ್ಲಿ ನಂಬರಿನ ಜೊತೆಗೆ ಆ ಮೂರು ಚುಕ್ಕೆಗಳನ್ನೂ ಬರೆಸಿಕೊಂಡೆ. ಜೂನ್‌ನಲ್ಲಿ ವಾಪಸು ತಂದು ಮನೆಯಲ್ಲಿ ಬಟ್ಟೆ ಬಿಚ್ಚಿದಾಗಲೂ ಚುಕ್ಕೆಗಳು ಮೂರೇ ಇದ್ದವು.